ಮುಸುಕಿನ ಬಾವಿಯ ಮೆಟ್ಟಿಲು ಕಾಣದೇ ಹೋದದ್ದು: ನೋಟದ ಹರವಿನ ಒಂದು ಪ್ರಕರಣ

ಮಾಸ್ತರು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿದ್ದೆವು. ಅದು ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ: ಕಂಪ್ಯೂಟರಿನಲ್ಲಿ ಕಟ್ಟಿದ ಜಾಗವನ್ನು ಸುತ್ತಲೂ ಇದ್ದಂತೆ ತೋರಿಸುತ್ತದೆ. ಅದರೊಳಗೆ ಅವರು ಲಕ್ಕುಂಡಿಯ ಮುಸುಕಿನ ಬಾವಿಯ ಮೊದಲ ಮೆಟ್ಟಿಲ ಮೇಲೆ ನಿಂತಿದ್ದರು. ಕಂಪ್ಯೂಟರ್ ಮುಂದೆ ಕೂತಿದ್ದ ನಮ್ಮ ಹುಡುಗ ಅವರನ್ನು ನಿಧಾನವಾಗಿ ಕೆಳಗೆ ಇಳಿಸತೊಡಗಿದ. ನಾಲ್ಕು ಮೆಟ್ಟಿಲು ಆಗಿರಬೇಕು, ಅಷ್ಟರಲ್ಲಿ ಅವರು ನಿಲ್ಲಿಸಿ ಅಂದರು.

"ಅಲ್ರೀ, ನನ್ನ ಕಾಲ ಬುಡಕ್ಕ ಮೆಟ್ಟಲಾನ ಇಲ್ಲ. ಎಲ್ಲಿ ಇಡ್ಲಿ ಕಾಲ?"

ನಾವು ಸ್ಕ್ರೀನ್ ನೋಡಿದೆವು. ಮೆಟ್ಟಿಲುಗಳೆಲ್ಲ ಇದ್ದವು. ಕಲ್ಲಿನ ಬಿರುಕು, ಅಂಚಿನ ಸವೆತ, ಗೋಡೆಯ ಪುಟ್ಟ ಗುಡಿಗಳು, ಎಲ್ಲವೂ ಇದ್ದವು. ಆದರೆ ಅವರ ಮಾತು ನಿಜವೇ ಆಗಿತ್ತು. ಅದು ಯಾಕೆ ನಿಜ ಅಂತ ಅರ್ಥವಾಗಲು ನಮಗೆ ಸುಮಾರು ಒಂದು ತಿಂಗಳು ಬೇಕಾಯಿತು. ಆ ತಿಂಗಳಲ್ಲಿ ಕಲಿತದ್ದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಗುಡಿ, ಬಾವಿ, ಕೋಟೆಗಳನ್ನು ವಿಆರ್‌ಗೆ ತರಬೇಕು ಅನ್ನುವವರು ಈಗ ಹೆಚ್ಚಾಗುತ್ತಿದ್ದಾರೆ. ಅವರಿಗೆ ಇದು ಬೇಕಾಗುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಮೂವರು ಸೇರಿ ತ್ರೀಡಿ ಕೆಲಸ ಮಾಡುತ್ತೇವೆ. ಮನೆ ಕಟ್ಟುವವರಿಗೆ ಮುಂಚೆಯೇ ಮನೆ ತೋರಿಸುವುದು ನಮ್ಮ ಹೊಟ್ಟೆಪಾಡು. ಮಾಸ್ತರು ಗದಗಿನವರು, ನಿವೃತ್ತ ಇತಿಹಾಸ ಶಿಕ್ಷಕರು. ಗದಗಿನಿಂದ ಲಕ್ಕುಂಡಿ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಅತ್ತಿಮಬ್ಬೆ ಕಟ್ಟಿಸಿದ 1007ರ ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥ ಗುಡಿ, ಕೊನೆಗೆ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ. ಕಲ್ಯಾಣದ ಚಾಲುಕ್ಯರ ಕಾಲದ ಬಾವಿ ಅದು. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ, ಇನ್ನೊಂದು ಕಡೆ ಗುಡಿ. ಈಗ ಮಾಸ್ತರಿಗೆ ಮೊಣಕಾಲು ನೋವು. ಮೇಲೆ ನಿಂತು ನೋಡಿ ಬರುತ್ತಾರೆ, ಇಳಿಯಲು ಆಗುವುದಿಲ್ಲ. ಅವರನ್ನು ಒಮ್ಮೆ ಇಳಿಸಬೇಕು, ಅವರಿಗೆ ಸರಿ ಹೋದರೆ ಆಮೇಲೆ ಶಾಲೆಗಳಿಗೆ ಒಯ್ಯಬೇಕು. ನಮ್ಮ ಯೋಜನೆ ಇಷ್ಟೇ ಇತ್ತು. ಅನುಮತಿ ಪಡೆದು ಎಲ್ಲ ಕಡೆಯಿಂದ ಫೋಟೊ ತೆಗೆದೆವು. ಅವನ್ನು ಜೋಡಿಸಿ ಅಳತೆಗೆ ಸರಿಯಾದ ಮಾದರಿ ಮಾಡಿದೆವು. ಆ ಕೆಲಸದ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ, ಆದರೆ ತೊಂದರೆ ಬಂದದ್ದು ಬೇರೆ ಕಡೆಯಿಂದ.

ನಾವು ಮೊದಲು ಹುಡುಕಿದ್ದು ಮಾದರಿಯೊಳಗೆ. ಅದು ತಪ್ಪು ಜಾಗ. ತೊಂದರೆ ಇದ್ದದ್ದು ನೋಟದ ಹರವಿನಲ್ಲಿ, ಅಂದರೆ ಫೀಲ್ಡ್ ಆಫ್ ವ್ಯೂನಲ್ಲಿ. ಹೆಡ್‌ಸೆಟ್ ಒಂದು ಸಲಕ್ಕೆ ಎಷ್ಟು ಅಗಲ, ಎಷ್ಟು ಎತ್ತರ ತೋರಿಸುತ್ತದೆ ಅನ್ನುವ ಲೆಕ್ಕ ಅದು, ಡಿಗ್ರಿಯಲ್ಲಿ.

ನಮ್ಮ ಎರಡು ಕಣ್ಣು ಸೇರಿ ಅಡ್ಡಕ್ಕೆ ಸುಮಾರು 200 ಡಿಗ್ರಿ ನೋಡುತ್ತವೆ. ನೇರ ಮುಂದೆ ನೋಡುತ್ತಿದ್ದರೂ ಮೇಲಕ್ಕೆ ಸುಮಾರು 60, ಕೆಳಕ್ಕೆ 70 ಡಿಗ್ರಿಯವರೆಗೆ ಏನಿದೆ ಅಂತ ತಿಳಿಯುತ್ತದೆ. ಚೂಪಾಗಿ ಕಾಣುವುದು ನಡುವಿನ ಒಂದೆರಡು ಡಿಗ್ರಿ ಮಾತ್ರ. ಉಳಿದದ್ದು ಮಸುಕು. ಆದರೆ ಆ ಮಸುಕಿನ ಕೆಲಸ ದೊಡ್ಡದು. ಯಾರೋ ಪಕ್ಕಕ್ಕೆ ಬಂದರು, ನೆಲ ಇಳಿಯಿತು, ಬಾಗಿಲ ಹೊಸ್ತಿಲು ಬಂತು, ಇದೆಲ್ಲ ನಾವು ಗಮನ ಕೊಡದೆಯೇ ಅಲ್ಲಿಂದಲೇ ತಿಳಿಯುತ್ತದೆ. ತಲೆ ಬಗ್ಗಿಸದೆ ಮೆಟ್ಟಿಲು ಇಳಿಯುತ್ತೇವಲ್ವಾ, ಅದು ಕೆಳಗಿನ ಆ ಮಸುಕಿನ ನೋಟದ ಉಪಕಾರ.

ನಾವು ಬಳಸಿದ ಹೆಡ್‌ಸೆಟ್ ಕೆಲವು ವರ್ಷ ಹಳೆಯದು. ಅಡ್ಡಕ್ಕೆ ಸುಮಾರು 97 ಡಿಗ್ರಿ, ಉದ್ದಕ್ಕೆ ಸುಮಾರು 93. ಅಂದರೆ ನೇರ ನೋಡುವಾಗ ಕೆಳಕ್ಕೆ ಸಿಗುವುದು 46 ಡಿಗ್ರಿ ಚಿಲ್ಲರೆ. ಅದರ ಕೆಳಗೆ ಕಪ್ಪು. ಹೊಸದನ್ನು ತಂದರೆ ಸರಿಹೋಗುತ್ತದೆಯೇ ಅಂತ ನೋಡಿದೆವು. 2023ರಲ್ಲಿ ಬಂದ, ಮೆಟಾ ಕಂಪನಿಯ ಕ್ವೆಸ್ಟ್ 3 ಅಡ್ಡಕ್ಕೆ 110 ಡಿಗ್ರಿ ಕೊಡುತ್ತದೆ, ಆದರೆ ಉದ್ದಕ್ಕೆ 96. ನಮಗೆ ಬೇಕಾದ ಕೆಳಭಾಗದಲ್ಲಿ ಸಿಗುವ ಲಾಭ ಒಂದೂವರೆ ಡಿಗ್ರಿ. ಅಗಲ ಬೆಳೆದಷ್ಟು ಎತ್ತರ ಬೆಳೆದಿಲ್ಲ. ಬಾವಿಗೆ ಬೇಕಾದದ್ದು ಎತ್ತರವೇ.

ಮೊದಲ ಕಾರಣ ಸಿಕ್ಕಿದ್ದು ಮಾಸ್ತರ ಕನ್ನಡಕದಲ್ಲಿ. ಕನ್ನಡಕ ಹಾಕಿದವರಿಗೆ ಅಂತ ಹೆಡ್‌ಸೆಟ್ ಜೊತೆ ಒಂದು ಪ್ಲಾಸ್ಟಿಕ್ ಚೌಕಟ್ಟು ಬರುತ್ತದೆ. ಫೋಮ್ ಮತ್ತು ಲೆನ್ಸ್ ನಡುವೆ ಅದನ್ನು ಸಿಕ್ಕಿಸಿದರೆ ಕನ್ನಡಕ ಲೆನ್ಸಿಗೆ ತಾಗುವುದಿಲ್ಲ. ನಾವು ಸಿಕ್ಕಿಸಿದ್ದೆವು. ಆದರೆ ಕಣ್ಣು ಲೆನ್ಸಿನಿಂದ ದೂರ ಹೋದಷ್ಟೂ ನೋಟ ಕಿರಿದಾಗುತ್ತದೆ. ಹಳೆ ಮನೆಯ ಕಿಟಕಿಯಲ್ಲಿ ತೇರು ನೋಡಲು ಮುಖ ಸರಳಿಗೆ ಒತ್ತಿ ಹಿಡಿಯುವುದಿಲ್ಲವೇ, ಹಾಗೆ. ನಾನು ಅದನ್ನು ತೆಗೆದು ಹಾಕಿ ತೆಗೆದು ಹಾಕಿ ನೋಡಿದೆ. ಚೌಕಟ್ಟು ಇದ್ದಾಗ ಕೆಳಗಿನ ಕಪ್ಪು ಅಂಚು ಕಣ್ಣಿಗೆ ಕಾಣುವಷ್ಟು ಮೇಲೆ ಬರುತ್ತಿತ್ತು. ಮಾಸ್ತರ ಹತ್ತಿರ ಚಿಕ್ಕ ಗಾಜಿನ, ತೆಳು ಚೌಕಟ್ಟಿನ ಇನ್ನೊಂದು ಕನ್ನಡಕ ಇತ್ತು. ಅದನ್ನು ಹಾಕಿಸಿ, ಪ್ಲಾಸ್ಟಿಕ್ ತೆಗೆದೆವು. ಗಾಜು ಲೆನ್ಸಿಗೆ ಉಜ್ಜುವುದಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಂಡೆವು. ಲೆನ್ಸಿಗೆ ಗೀರು ಬಿದ್ದರೆ ಕತೆ ಮುಗಿದ ಹಾಗೆ. ಡಬ್ಬದ ಮೇಲಿನ ಡಿಗ್ರಿ ಎಷ್ಟೇ ಇರಲಿ, ಒಬ್ಬೊಬ್ಬರ ಮುಖಕ್ಕೆ ಸಿಗುವುದು ಒಂದೊಂದು.

ಇದರಿಂದ ಸ್ವಲ್ಪ ಸುಧಾರಿಸಿತು. ಮೆಟ್ಟಿಲು ಮಾತ್ರ ಇನ್ನೂ ಕಾಣಲಿಲ್ಲ. ಆಗ ಕಾಗದ ಪೆನ್ನು ತೆಗೆದುಕೊಂಡು ಕೂತೆವು.

ಕಣ್ಣಿನ ಎತ್ತರ 1.5 ಮೀಟರ್ ಅಂತ ಇಟ್ಟುಕೊಳ್ಳಿ. ಸಪಾಟು ನೆಲದಲ್ಲಿ ನಿಂತು ನೇರ ನೋಡಿದರೆ, 46 ಡಿಗ್ರಿ ಚಿಲ್ಲರೆಯ ಕೆಳನೋಟ ನೆಲ ಮುಟ್ಟುವುದು ಸುಮಾರು 1.4 ಮೀಟರ್ ಮುಂದೆ. ಬರಿಗಣ್ಣಿನ 70 ಡಿಗ್ರಿಗಾದರೆ ಅರ್ಧ ಮೀಟರ್ ಮುಂದೆಯೇ. ವ್ಯತ್ಯಾಸ ಇದೆ, ಆದರೆ ಸಪಾಟು ನೆಲದಲ್ಲಿ ಯಾರಿಗೂ ಭಯ ಆಗುವುದಿಲ್ಲ. ಅದಕ್ಕೇ ಫ್ಲಾಟುಗಳನ್ನು ತೋರಿಸುವಾಗ ನಮಗೆ ಇದು ಯಾವತ್ತೂ ಅಡ್ಡ ಬಂದಿರಲಿಲ್ಲ.

ಈಗ ಇಳಿಯುವ ಮೆಟ್ಟಿಲು ತೆಗೆದುಕೊಳ್ಳಿ. ಉದಾಹರಣೆಗೆ 30 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಇಳಿತ. ನಿಮ್ಮ ನೋಟದ ಕೆಳಗಿನ ಗೆರೆ ಇಳಿಯುತ್ತಾ ಹೋಗುತ್ತದೆ. ಮೆಟ್ಟಿಲೂ ಹೆಚ್ಚುಕಡಿಮೆ ಅದೇ ಓರೆಯಲ್ಲಿ ಇಳಿಯುತ್ತಾ ಹೋಗುತ್ತದೆ. ಎರಡೂ ಒಂದರ ಪಕ್ಕ ಒಂದು ಓಡುವ ರೈಲು ಹಳಿಯ ಹಾಗೆ. ಎಲ್ಲಿ ಸೇರುತ್ತವೆ ಅಂತ ಲೆಕ್ಕ ಹಾಕಿದರೆ ಸುಮಾರು 6.8 ಮೀಟರ್ ಆಚೆ! ಅಂದರೆ ಕಾಲ ಕೆಳಗಿನ ಇಪ್ಪತ್ತಕ್ಕೂ ಜಾಸ್ತಿ ಮೆಟ್ಟಿಲುಗಳು ನೋಟದಿಂದ ಹೊರಗೆ. ಬರಿಗಣ್ಣಿಗೆ ಇದೇ ಮೆಟ್ಟಿಲು 80 ಸೆಂಟಿಮೀಟರ್ ಒಳಗೇ, ಮೂರನೆಯದರಿಂದಲೇ ಕಾಣುತ್ತದೆ.

ಆ ಅಂಕಿ ನೋಡಿ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾಸ್ತರು ಹೇಳಿದ್ದು ಅಕ್ಷರಶಃ ನಿಜ. ಅವರ ಪಾಲಿಗೆ ಅಲ್ಲಿ ಮೆಟ್ಟಿಲೇ ಇರಲಿಲ್ಲ. ಗಾಳಿಯಲ್ಲಿ ನಿಲ್ಲಿಸಿ ಮುಂದೆ ತಳ್ಳುತ್ತಿದ್ದೆವು.

ತಲೆ ಬಗ್ಗಿಸಿದರೆ ಆಯಿತಲ್ಲ ಅನ್ನಬಹುದು. ಹೌದು, 20 ಡಿಗ್ರಿ ಬಗ್ಗಿಸಿದರೆ ಸಾಕು, 6.8 ಮೀಟರ್ ಇದ್ದದ್ದು ಒಂದು ಮೀಟರಿಗೆ ಬರುತ್ತದೆ. ಆದರೆ ಹೆಡ್‌ಸೆಟ್ ಅರ್ಧ ಕಿಲೋ ತೂಕ, ಅದೂ ಎಲ್ಲ ಮುಂದುಗಡೆ. ವಯಸ್ಸಾದವರು ಅದನ್ನು ಹೊತ್ತು ಕತ್ತು ಬಗ್ಗಿಸಿ ಎಷ್ಟು ಹೊತ್ತು ಇರಬೇಕು? ಇನ್ನೊಂದು ಮಾತೂ ಇದೆ. ನಿಜವಾದ ಬಾವಿಯಲ್ಲಿ ಯಾರೂ ಬೇಕಂತಲೇ ಬಗ್ಗುವುದಿಲ್ಲ, ಕಣ್ಣು ತಾನೇ ನೋಡಿಕೊಳ್ಳುತ್ತದೆ. ಬಗ್ಗಬೇಕು ಅಂತ ಇಲ್ಲಿ ಯಾರಿಗೂ ಹೊಳೆಯುವುದೇ ಇಲ್ಲ.

ಕ್ಯಾಮೆರಾವನ್ನೇ ಒಳಗೆ ಸ್ವಲ್ಪ ಕೆಳಮುಖ ಮಾಡಿಬಿಡೋಣ ಅಂದ ನಮ್ಮ ಹುಡುಗ. ಒಂದೇ ನಿಮಿಷ ಹಾಕಿಕೊಂಡು ನೋಡಿದೆ. ತಲೆ ನೆಟ್ಟಗಿದೆ, ಲೋಕ ಬಾಗಿದೆ. ಹೊಟ್ಟೆ ತೊಳಸಿತು. ಮೆಟ್ಟಿಲ ಓರೆಯನ್ನೇ ಕಡಿಮೆ ಮಾಡುವ ಮಾತೂ ಬಂತು. ಅದಕ್ಕೆ ನಾನು ಒಪ್ಪಲಿಲ್ಲ. ಬಾವಿ ಕಟ್ಟಿದವರ ಅಳತೆ ಅದು. ನಮ್ಮ ಯಂತ್ರದ ಕೊರತೆಗೆ ಅದನ್ನು ತಿದ್ದುವ ಹಕ್ಕು ನಮಗಿಲ್ಲ.

ಇದೇ ಹೊತ್ತಿಗೆ ಇನ್ನೊಂದು ತೊಂದರೆ ಬಂತು. ಮಾಸ್ತರ ಬೀದಿಯ ಮಕ್ಕಳು ಕೆಲವರು ಬಂದು ನೋಡಿದರು. ಇಬ್ಬರಿಗೆ ತಲೆ ತಿರುಗಿತು, ಒಬ್ಬ ಹುಡುಗಿ ಹೆಡ್‌ಸೆಟ್ ಕಿತ್ತು ಕೊಟ್ಟು ಹೊರಗೆ ಹೋಗಿ ಕೂತಳು. ಕಣ್ಣು ಚಲಿಸುತ್ತಿದ್ದೇನೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಕೂತಿದ್ದೇನೆ ಅನ್ನುತ್ತದೆ. ಈ ಜಗಳವೇ ತಲೆಸುತ್ತಿಗೆ ಕಾರಣ. ಚಲನೆಯ ಸುದ್ದಿಯನ್ನು ಜೋರಾಗಿ ಸಾರುವುದು ಅಂಚಿನ ನೋಟ. ಬಯಲಿನಲ್ಲಾದರೆ ಅಂಚಿನಲ್ಲಿ ಆಕಾಶ, ದೂರದ ಮರ, ಹೆಚ್ಚು ಅಲುಗಾಡುವುದಿಲ್ಲ. ಬಾವಿಯಲ್ಲಿ ಎರಡೂ ಪಕ್ಕ ಗೋಡೆ. ಕೈಗೆ ಸಿಗುವಷ್ಟು ಹತ್ತಿರದ ಕಲ್ಲುಗಳು ಸರ್ರನೆ ಮೇಲೆ ಸರಿಯುತ್ತವೆ. ಸಾಲದ್ದಕ್ಕೆ, ಇಳಿಸುತ್ತಿದ್ದವರು ನಾವು. ಗಾಡಿ ಓಡಿಸುವವನಿಗೆ ಬಾರದ ವಾಂತಿ ಹಿಂದೆ ಕೂತವನಿಗೆ ಬರುತ್ತದಲ್ಲ, ಅದೇ ಇಲ್ಲೂ ನಡೆಯಿತು.

ಇದಕ್ಕೆ ಗೊತ್ತಿರುವ ಮದ್ದು ಒಂದಿದೆ. ಚಲಿಸುವಾಗ ಮಾತ್ರ ನೋಟದ ಅಂಚನ್ನು ಮೆಲ್ಲಗೆ ಕಪ್ಪು ಮಾಡಿ ಕಿರಿದಾಗಿಸುವುದು, ನಿಂತಾಗ ಮತ್ತೆ ತೆರೆಯುವುದು. ಕೊಲಂಬಿಯಾ ವಿಶ್ವವಿದ್ಯಾಲಯದ ಅಜೊಯ್ ಫರ್ನಾಂಡಿಸ್ ಮತ್ತು ಸ್ಟೀವನ್ ಫೈನರ್ 2016ರಲ್ಲಿ ಇದನ್ನು ಜನರ ಮೇಲೆ ಪರೀಕ್ಷಿಸಿದ್ದರು. ನಿಧಾನವಾಗಿ ಮಾಡಿದರೆ ಹೆಚ್ಚಿನವರಿಗೆ ಕಿರಿದಾದದ್ದು ಗೊತ್ತೇ ಆಗುವುದಿಲ್ಲ, ಆದರೆ ತೊಂದರೆ ಕಡಿಮೆಯಾಗುತ್ತದೆ ಅಂತ ತೋರಿಸಿದರು. ನಾವೂ ಹಾಕಿದೆವು. ಮಕ್ಕಳಿಗೆ ಕೂಡಲೇ ಆರಾಮ ಅನಿಸಿತು.

ಆದರೆ ಮಾಸ್ತರಿಗೆ? ಇದ್ದ ನೋಟವೂ ಹೋಯಿತು. ಮೊದಲೇ ಮೆಟ್ಟಿಲು ಕಾಣುತ್ತಿರಲಿಲ್ಲ. ಈಗ ಬಾವಿಯ ತಳಕ್ಕೆ ಹಿಡಿದ ಕೊಳವೆಯೊಳಗೆ ಇಣುಕಿದ ಹಾಗಾಯಿತು. ಹರವು ಹೆಚ್ಚಿಸಿದರೆ ತಲೆಸುತ್ತು, ಕಡಿಮೆ ಮಾಡಿದರೆ ಕಾಲಿಗೆ ಆಸರೆಯಿಲ್ಲ. ಈ ಪ್ರಕರಣದ ನಿಜವಾದ ಗಂಟು ಇದೇ.

ಗಂಟು ಬಿಚ್ಚಿದ್ದು ಎರಡು ಹೆಜ್ಜೆಯಲ್ಲಿ. ಮೊದಲನೆಯದು, ಕಪ್ಪಂಚನ್ನು ಸುತ್ತಲೂ ಒಂದೇ ಸಮ ಹಾಕಬೇಕು ಅಂತ ಎಲ್ಲೂ ಇಲ್ಲ ಅಂತ ತಿಳಿದದ್ದು. ಪಕ್ಕ ಮುಚ್ಚಿ, ಮೇಲೆ ಮುಚ್ಚಿ, ನೆಲ ಮಾತ್ರ ಬಿಡಿ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ನೆಲ ಮುಚ್ಚದ ಇಂಥದೇ ಅಂಚನ್ನು ಪರೀಕ್ಷಿಸಿ ಪ್ರಕಟಿಸಿದ್ದರು. ನಾವು ಅದನ್ನು ಮೆಟ್ಟಿಲಿಗೆ ಹೊಂದಿಸಿಕೊಂಡೆವು. ತೆರೆದ ಭಾಗವನ್ನು ಲೆನ್ಸಿಗೆ ಕಟ್ಟದೆ ಮೆಟ್ಟಿಲ ಸಾಲಿಗೆ ಕಟ್ಟಿದೆವು. ತಲೆ ಬಗ್ಗಿದರೂ ಎತ್ತಿದರೂ ಪಕ್ಕದ ಗೋಡೆ ಮಾತ್ರ ಮಸುಕಾಗುತ್ತದೆ, ಮೆಟ್ಟಿಲು ಹಾಗೇ ಉಳಿಯುತ್ತದೆ.

ಎರಡನೆಯದನ್ನು ಹೇಳಿಕೊಟ್ಟವರು ಮಾಸ್ತರೇ. ನಮ್ಮ ಲೆಕ್ಕದ ಕಾಗದವನ್ನು ಅವರ ಮುಂದೆ ಇಟ್ಟಿದ್ದೆ. ಚಹಾ ಕುಡಿಯುತ್ತಾ ಅದನ್ನು ನೋಡಿದರು. ನೆಟ್ಟಗೆ ಇಳಿದ ಗೆರೆಯ ಮೇಲೆ ಬೆರಳಿಟ್ಟರು.

"ಹಿಂಗ ನೆಟ್ಟಗ ಯಾರ ಇಳೀತಾರ್ರೀ? ಕೊಡ ಹೊತ್ತಾಕಿ ಓರೇನ ಇಳೀತಿದ್ಳು. ನಾನೂ ಹುಡುಗ್ರಿಗೆ ಅದನ್ನ ಹೇಳ್ತಿದ್ದೆ, ಓರೆ ಇಳೀರಿ, ಗ್ವಾಡಿ ಹಿಡೀರಿ ಅಂತ."

ಮತ್ತೆ ಲೆಕ್ಕ ಹಾಕಿದೆವು. 45 ಡಿಗ್ರಿ ಓರೆಯಾಗಿ ಇಳಿದರೆ ಹಾದಿಯ ಕಡಿದು ಕಡಿಮೆಯಾಗುತ್ತದೆ. ತಲೆ ನೆಟ್ಟಗಿದ್ದರೂ 6.8 ಮೀಟರ್ ಇದ್ದದ್ದು 3.2ಕ್ಕೆ ಇಳಿಯುತ್ತದೆ. ಹತ್ತೇ ಡಿಗ್ರಿ ಬಗ್ಗಿದರೆ 1.6. ಕಡಿದು ಮೆಟ್ಟಿಲಲ್ಲಿ ಹಿರಿಯರು ಓರೆಯಾಗಿ ಇಳಿಯುವುದು ಮೊಣಕಾಲಿಗೆ ಅಂತ ತಿಳಿದಿದ್ದೆ. ಅದು ಕಣ್ಣಿಗೂ ಹೌದು ಅಂತ ಅವತ್ತು ಗೊತ್ತಾಯಿತು. ಮೆಟ್ಟಿಲ ಸಾಲು ಅಗಲ ಇರುವಷ್ಟರಲ್ಲಿ ಹಾದಿಯನ್ನು ಅಂಕುಡೊಂಕಾಗಿ ಬರೆದೆವು. ಪ್ರತಿ ತಿರುವಿನಲ್ಲಿ ಗೋಡೆಯ ಒಂದು ಪುಟ್ಟ ಗುಡಿ ಎದುರಾಗುವ ಹಾಗೆ ಮಾಡಿದೆವು. ಅಲ್ಲಿ ನಿಲ್ಲುತ್ತೀರಿ, ಕಪ್ಪಂಚು ತೆರೆಯುತ್ತದೆ, ಗುಡಿ ನೋಡುತ್ತೀರಿ. ಮತ್ತೆ ಹೊರಡುವ ಮೊದಲು ಮುಂದಿನ ಎರಡನೇ ಮೆಟ್ಟಿಲ ಮೇಲೆ ಒಂದು ಸಣ್ಣ ಹಣತೆ ಬೆಳಗುತ್ತದೆ. ಕಣ್ಣು ಅತ್ತ ಹೋಗುತ್ತದೆ, ತಲೆ ತಾನಾಗಿ ಬಗ್ಗುತ್ತದೆ. ಬಗ್ಗಿ ಅಂತ ಯಾರಿಗೂ ಹೇಳಬೇಕಾಗಿಲ್ಲ. ಹೆಡ್‌ಸೆಟ್ ಪಟ್ಟಿಯ ಹಿಂದೆ ಪವರ್ ಬ್ಯಾಂಕ್ ಕಟ್ಟಿ ಮುಂದಿನ ಭಾರಕ್ಕೆ ಸಮ ಮಾಡಿದೆವು. ಇಳಿಯುವುದನ್ನು ನಡೆಸುವ ಕಂಟ್ರೋಲರನ್ನು ಮಾಸ್ತರ ಕೈಗೇ ಕೊಟ್ಟೆವು.

ಶಾಲೆಗಳ ಸಲುವಾಗಿ ಎರಡು ಬೇರೆ ದಾರಿಗಳನ್ನೂ ನೋಡಿದ್ದೆವು. ಫೋನ್ ಸಿಕ್ಕಿಸುವ ಅಗ್ಗದ ಡಬ್ಬಗಳನ್ನು ಕೈಬಿಟ್ಟೆವು. ಆ ಡಬ್ಬದ ಲೆನ್ಸಿನ ಅಳತೆ ಫೋನಿನ ಆ್ಯಪಿಗೆ ಸರಿಯಾಗಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಚಿತ್ರದ ಹರವು ಒಂದು, ಕಣ್ಣಿಗೆ ಬೀಳುವ ಹರವು ಇನ್ನೊಂದು. ತಲೆ ತಿರುಗಿಸಿದಾಗ ಬಾವಿಯೇ ತೇಲಿದ ಹಾಗೆ ಆಗುತ್ತದೆ.

ಇನ್ನೊಂದು ಎಆರ್ (ಆಗ್ಮೆಂಟೆಡ್ ರಿಯಾಲಿಟಿ), ಅಂದರೆ ಎದುರಿನ ನಿಜ ದೃಶ್ಯದ ಮೇಲೆಯೇ ಚಿತ್ರ ಕೂಡಿಸುವುದು. ಬಾವಿಯ ಮೇಲೆ ನಿಂತವರಿಗೆ, ಕಣ್ಣೆದುರಿನ ಕಲ್ಲಿನ ಮೇಲೆಯೇ ವಿವರ ಮೂಡಿಸುವ ಆಸೆ. ಗೆಳೆಯರಿಂದ ಎಆರ್ ಕನ್ನಡಕವೊಂದನ್ನು ಎರಡು ದಿನಕ್ಕೆ ತಂದೆವು. ಅದರ ಹರವು 52 ಡಿಗ್ರಿ ಅಂತ ಹೇಳಿದ್ದರು. ಅದು ಮೂಲೆಯಿಂದ ಮೂಲೆಗೆ ಅಳೆದದ್ದು. ಅಡ್ಡಕ್ಕೆ 43, ಉದ್ದಕ್ಕೆ 29 ಅಷ್ಟೇ. ಮೂರು ಮೀಟರ್ ದೂರದಲ್ಲಿ ಅದು ಸುಮಾರು 2.4 ಮೀಟರ್ ಅಗಲ, 1.5 ಮೀಟರ್ ಎತ್ತರದ ಚೌಕ. ಚಿತ್ರ ಆ ಚೌಕದೊಳಗೆ ಮಾತ್ರ ಬದುಕುತ್ತದೆ. ಬಾವಿಯಲ್ಲಿ ನೀರು ತುಂಬಿದಂತೆ ತೋರಿಸಿದೆವು. ತಲೆ ಸ್ವಲ್ಪ ತಿರುಗಿಸಿದರೆ ನೀರು ಕತ್ತರಿಯಲ್ಲಿ ಕತ್ತರಿಸಿದಂತೆ ನಿಂತುಬಿಡುತ್ತಿತ್ತು. ಈ ಕಷ್ಟ ಹೊಸದೇನಲ್ಲ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ 1968ರಲ್ಲಿ ತೋರಿಸಿದ ಮೊದಲ ತಲೆಕಟ್ಟಿನ ಯಂತ್ರಕ್ಕೆ 40 ಡಿಗ್ರಿ ಇತ್ತು. ಅರ್ಧ ಶತಮಾನದ ಆಚೆಯೂ ಪಾರದರ್ಶಕ ಗಾಜಿನಲ್ಲಿ ಹರವು ಹಿಗ್ಗಿಸುವುದು ಅಷ್ಟು ಸುಲಭವಾಗಿಲ್ಲ. ಮೇಲಾಗಿ ಗದಗ ಸೀಮೆಯ ಹನ್ನೆರಡು ಗಂಟೆಯ ಬಿಸಿಲು. ಆ ಬೆಳಕಿನ ಮುಂದೆ ಗಾಜಿನ ಮೇಲಿನ ಚಿತ್ರ ಕರಗಿಯೇ ಹೋಯಿತು.

ಫೋನಿನಲ್ಲಿ ನೋಡಿದರೆ ಇನ್ನೂ ಕಿರಿದು. ಅಡ್ಡ ಹಿಡಿದ ಫೋನು 40 ಸೆಂಟಿಮೀಟರ್ ದೂರದಲ್ಲಿ ಕಣ್ಣಿಗೆ ಸುಮಾರು 21 ಡಿಗ್ರಿ ಮಾತ್ರ. ಸುತ್ತ ಎಲ್ಲ ಕಾಣುತ್ತಿದ್ದರೂ ಗಮನ ಆ 21 ಡಿಗ್ರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮ ಜೊತೆ ಬಂದಿದ್ದ ಹುಡುಗನೊಬ್ಬ ಇಡೀ ಗುಡಿ ಚೌಕಟ್ಟಿಗೆ ಬರಲಿ ಅಂತ ಹಿಂದೆ ಹಿಂದೆ ಹೆಜ್ಜೆ ಇಡತೊಡಗಿದ. ಹಿಂದೆ ಮೆಟ್ಟಿಲಿತ್ತು. ನಾನು ಓಡಿ ತೋಳು ಹಿಡಿದೆ. ಅವನಿಗೆ ಏನೂ ಆಗಲಿಲ್ಲ. ಆದರೆ ಬಾವಿಯ ಅಂಚಿನಲ್ಲಿ ಎಆರ್ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆವು. ಈಗ ಅದು ಮೇಲಿನ ಸಪಾಟು ಜಾಗದಲ್ಲಿ, ಮೆಟ್ಟಿಲಿನಿಂದ ದೂರ, ಗುರುತು ಮಾಡಿದ ಒಂದೇ ಕಡೆ ನಿಂತು ನೋಡುವಂಥದ್ದು. ಹೆಜ್ಜೆ ಇಟ್ಟರೆ ಚಿತ್ರ ಆರಿಹೋಗುತ್ತದೆ.

ಮಾಸ್ತರು ಕೊನೆಯ ಸಲ ನೋಡಿದ್ದು ಒಂದು ಭಾನುವಾರ ಸಂಜೆ, ಅವರ ಮನೆಯ ಪಡಸಾಲೆಯಲ್ಲಿ. ತೆಳು ಕನ್ನಡಕ, ಹಿಂದೆ ಪವರ್ ಬ್ಯಾಂಕ್, ಬಲಗೈಯಲ್ಲಿ ಕಂಟ್ರೋಲರ್. ಎಡಗೈ ಮೊದಮೊದಲು ಕುರ್ಚಿಯ ಮೇಲಿತ್ತು. ಮೊದಲ ತಿರುವು ದಾಟಿದರು. ಗುಡಿಯ ಮುಂದೆ ನಿಂತರು, ಸುಮ್ನೆ ನೋಡಿದರು. ಎರಡನೇ ತಿರುವಿನ ಹೊತ್ತಿಗೆ ಅವರ ಬಲಗಾಲ ಹಿಮ್ಮಡಿ ಒಂದೊಂದು ಮೆಟ್ಟಿಲಿಗೂ ನೆಲದಿಂದ ಸ್ವಲ್ಪ ಏಳುತ್ತಿತ್ತು. ಅವರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು.

ತಳಕ್ಕೆ ಬಂದರು. ಕೆಳಗಿನ ಮೆಟ್ಟಿಲುಗಳ ಮೇಲೆ ನೀರು ನಿಂತ ಹಾಗೆ ಮಾಡಿದ್ದೆವು. ಮುಂದಿನ ಹೆಜ್ಜೆ ನೀರಿನೊಳಗೆ. ಮಾಸ್ತರು ತಡೆದರು. ತಲೆ ಬಗ್ಗಿಸಿ ಕಾಲ ಬುಡ ನೋಡಿದರು. ಆಮೇಲೆ ಎಡಗೈಯನ್ನು ಕುರ್ಚಿಯಿಂದ ತೆಗೆದು, ಧೋತರದ ಅಂಚನ್ನು ಮೊಣಕಾಲ ಮೇಲಕ್ಕೆ ಎತ್ತಿಕೊಂಡರು.